ಗಾಳಿಯ ದಾರಿ: ಬೀಮಾರಿಸ್ತಾನದಿಂದ ಪ್ರಯೋಗಾಲಯದವರೆಗೆ

ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿಯನ್ನು ಹಾದುಹೋಗುವವರಿಗೆ ಕೈಗಾರಿಕಾ ಪ್ರದೇಶದ ಮಾಳಿಗೆಗಳ ಮೇಲೆ ತಗಡಿನ ದೊಡ್ಡ ಕೊಳವೆಗಳು ಕಾಣಸಿಗುತ್ತವೆ. ನಮ್ಮಲ್ಲಿ ಓದಿದ ಹುಡುಗನೊಬ್ಬ ಈ ಡಕ್ಟ್‌ಗಳನ್ನು ಜೋಡಿಸುವ ಕೆಲಸಕ್ಕೆ ಹೋಗುತ್ತಾನೆ. ಈಚೆಗೆ ರೋಗಾಣುಗಳನ್ನು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ದುಡಿದು ಬಂದವನು, "ಹಜ್ರತ್, ಅಲ್ಲಿ ಒಂದು ಕಿಟಕಿಯೂ ತೆರೆಯುವಂತಿಲ್ಲ. ಆಸ್ಪತ್ರೆಗೆ ಒಳ್ಳೆಯ ಗಾಳಿ ಬೇಕು ಅಂತ ನೀವೇ ಹೇಳಿದ್ರಲ್ಲ?" ಎಂದು ಕೇಳಿದನು.

ನಾವು ಹೇಳಿದ್ದು ನಿಜ. ಪಾಠದಲ್ಲಿ ಅಬೂಬಕರ್ ಅರ್ರಾಝಿಯವರ ಪ್ರಸಿದ್ಧ ಪ್ರಸಂಗವನ್ನು ವಿವರಿಸಿದ್ದೆವು. ಬಗ್ದಾದಿನಲ್ಲಿ ಆಸ್ಪತ್ರೆಗೆ ಸ್ಥಳ ಆರಿಸಲು ಅವರು ನಗರದ ಬೇರೆ ಬೇರೆ ಕಡೆ ಮಾಂಸದ ತುಂಡುಗಳನ್ನು ತೂಗುಹಾಕಿಸಿ, ಎಲ್ಲಿ ಅದು ತಡವಾಗಿ ಕೊಳೆಯಿತೋ ಆ ಸ್ಥಳವನ್ನೇ ಸೂಚಿಸಿದರಂತೆ. ಇದನ್ನು ದಾಖಲಿಸಿದ 13ನೇ ಶತಮಾನದ ಇಬ್ನು ಅಬೀ ಉಸೈಬಿಅ ಅವರಿಗೇ ಇದರ ಕಾಲದ ಬಗ್ಗೆ ಸಂದೇಹವಿತ್ತು. ಕಥೆ ತಳುಕುಹಾಕಿಕೊಂಡಿರುವ ಅದುದೀ ಆಸ್ಪತ್ರೆ ಆರಂಭವಾದದ್ದು ಹಿಜರಿ 372ರ ಸುಮಾರಿಗೆ. ಅರ್ರಾಝಿ ಅಷ್ಟರಲ್ಲಾಗಲೇ ತೀರಿಕೊಂಡು ಅರ್ಧ ಶತಮಾನ ಕಳೆದಿತ್ತು. ತಮಗೆ ಪ್ರಿಯವಾದ ಕಥೆಯನ್ನೂ ಶಂಕಿಸಿ ಬರೆದ ಆ ಪ್ರಾಮಾಣಿಕತೆಯನ್ನು ನಾವು ಮಕ್ಕಳಿಗೆ ಕಥೆಯ ಜೊತೆಗೇ ಹೇಳಬೇಕಿತ್ತು. ಹಿಜರಿ 683ರ (ಕ್ರಿ.ಶ. 1284) ಕೈರೋದ ಮನ್ಸೂರಿ ಬೀಮಾರಿಸ್ತಾನದಲ್ಲಿ ಜ್ವರ, ಕಣ್ಣು, ಶಸ್ತ್ರಚಿಕಿತ್ಸೆಗಳಿಗೆ ಪ್ರತ್ಯೇಕ ವಿಭಾಗಗಳಿದ್ದವು. ಅಂದು ಗಾಳಿಯೆಂದರೆ ರೋಗಿಗೆ ಒಳಬರಬೇಕಾದ ಔಷಧ.

ಪ್ರಯೋಗಾಲಯದಲ್ಲಿ ಪ್ರಶ್ನೆ ತಿರುಗುಮುರುಗು. ಅಲ್ಲಿಂದ ಹೊರಹೋಗುವ ಗಾಳಿಯದ್ದೇ ಭಯ. ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲ ಹಳ್ಳಿಗಳ ಜನ ಜ್ವರದಿಂದ ನರಳಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸೊಂದನ್ನು ಗುರುತಿಸಿದರು. ಕಾಡಿನಲ್ಲಿ ಈ ಮಂಗನ ಕಾಯಿಲೆಯನ್ನು ಹರಡುವುದು ಉಣುಗು. ಆದರೆ ಉಣುಗು ಕಚ್ಚದಿದ್ದರೂ ಪ್ರಯೋಗಾಲಯದ ಅನೇಕ ಸಿಬ್ಬಂದಿಗೆ ಸೋಂಕು ತಗುಲಿತು. ಜನರ ಪ್ರಾಣ ಉಳಿಸಲು ಹೊರಟವರೇ ಹಾಸಿಗೆ ಹಿಡಿದರು. ಅದೇ ಸಂಸ್ಥೆಗೆ ಅತ್ಯುನ್ನತ, ಅಂದರೆ ನಾಲ್ಕನೇ ಮಟ್ಟದ ಸುರಕ್ಷತೆಯ ಪ್ರಯೋಗಾಲಯ ಒದಗಿದ್ದು 2012ರಲ್ಲಿ.

ಅಂತಹ ಕೋಣೆಯ ರಚನೆ ಹೀಗಿರುತ್ತದೆ: ಒಳಗೆ ಬಿಡುವ ಗಾಳಿಗಿಂತ ಹೆಚ್ಚು ಗಾಳಿಯನ್ನು ಹೊರಗೆಳೆಯುತ್ತಾರೆ. ಹೀಗಾಗಿ ಕೋಣೆಯ ಒತ್ತಡ ಪಡಸಾಲೆಗಿಂತ ಕಡಿಮೆಯಾಗಿ, ಬಾಗಿಲು ತೆರೆದಾಗ ಗಾಳಿ ಒಳಕ್ಕೇ ನುಗ್ಗುತ್ತದೆ. ಹೊರಗೆಳೆದ ಗಾಳಿ ಹೆಪಾ ಸೋಸುಕವನ್ನು ಹಾದುಹೋಗಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅಣುಬಾಂಬ್ ಯೋಜನೆಗಾಗಿ ಬೆಳೆದುಬಂದ ಈ ಸೋಸುಕ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ತಡೆಯುತ್ತದೆ. ನಾಲ್ಕನೇ ಮಟ್ಟದಲ್ಲಿ ಇಂತಹ ಎರಡು ಸೋಸುಕಗಳು ಒಂದರ ಹಿಂದೊಂದು ಇರುತ್ತವೆ. ಹೊರಗೆಳೆಯುವ ಫ್ಯಾನ್ ನಿಂತರೆ ಗಾಳಿ ತುಂಬುವ ಫ್ಯಾನೂ ತಾನಾಗಿ ನಿಲ್ಲಬೇಕು. ಇಲ್ಲದಿದ್ದರೆ ಕೋಣೆ ಉಬ್ಬಿ, ಒಳಗಿನದ್ದು ಸಂದುಗಳಿಂದ ಹೊರಬರುತ್ತದೆ. ಕಚೇರಿಯ ಎಸಿ ಡಕ್ಟಿನ ಜೋಡಣೆ ಸೋರಿದರೆ ಕರೆಂಟು ನಷ್ಟ, ಅಷ್ಟೇ. ಇಲ್ಲಿ ಸೋಸುಕಕ್ಕಿಂತ ಮುಂಚಿನ ಜೋಡಣೆ ಸೋರಿದರೆ ಆಗುವ ನಷ್ಟಕ್ಕೆ ಲೆಕ್ಕವಿಲ್ಲ.

1978ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ಸಿಡುಬಿನ ಪ್ರಯೋಗಾಲಯದ ಮೇಲ್ಮಹಡಿಯಲ್ಲಿ ಛಾಯಾಗ್ರಾಹಕಿಯಾಗಿದ್ದ ಜಾನೆಟ್ ಪಾರ್ಕರ್ ಸಿಡುಬಿಗೆ ಬಲಿಯಾದರು. ಲೋಕದಲ್ಲಿ ಆ ರೋಗದಿಂದ ಸಂಭವಿಸಿದ ಕೊನೆಯ ಮರಣ ಅದೇ. ಡಕ್ಟಿನ ಮೂಲಕ ವೈರಸ್ ಮೇಲೇರಿರಬಹುದೆಂದು ತನಿಖೆ ಶಂಕಿಸಿತು. ನ್ಯಾಯಾಲಯದಲ್ಲಿ ಅದು ರುಜುವಾತಾಗಲಿಲ್ಲ.

ಇದೆಲ್ಲವನ್ನೂ ಕೇಳಿದ ಹುಡುಗ ಒಂದು ಊದುಬತ್ತಿ ಹಚ್ಚಿ ನಮ್ಮ ಕೋಣೆಯ ಬಾಗಿಲ ಸಂದಿನಲ್ಲಿ ಹಿಡಿದನು. ಕೆಲಸ ಮುಗಿದ ಮೇಲೆ ಅಲ್ಲಿಯೂ ಹೊಗೆ ಬಿಟ್ಟು ಹೀಗೆಯೇ ನೋಡುತ್ತಾರಂತೆ. ನಮ್ಮ ಹೊಗೆ ಸೀದಾ ಅಂಗಳಕ್ಕೆ ಹೋಯಿತು. "ಇಲ್ಲಿ ಪಾಸಿಲ್ಲ ಹಜ್ರತ್" ಎಂದು ನಕ್ಕನು.