ಗಾಳಿಗೆ ಗಡಿಯಿಲ್ಲ, ಅಧಿಕಾರಕ್ಕೆ ಉಂಟು

1943ರ ಜುಲೈ ತಿಂಗಳ ಒಂದು ದಿನ ಲಾಸ್ ಏಂಜಲಿಸ್ ನಗರದಲ್ಲಿ ಕಣ್ಣು, ಗಂಟಲು ಉರಿಸುವ ಹೊಗೆ ಕವಿಯಿತು. ಜಪಾನೀಯರು ವಿಷಾನಿಲ ಬಿಟ್ಟರೆಂದು ಕೆಲವರು ಬೆದರಿದರು. ಬಿಸಿಲಿಗೆ ಮಾರ್ಪಟ್ಟ ಮೋಟಾರು ವಾಹನಗಳ ಹೊಗೆಯೇ ಇಂಥ ಮಾಲಿನ್ಯಕ್ಕೆ ಮುಖ್ಯ ಕಾರಣವೆಂದು ವಿಜ್ಞಾನಿ ಹಾಗೆನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಆಸ್ತಮಾದಿಂದ ಏದುಸಿರು ಬಿಡುವ ಮಕ್ಕಳನ್ನು ಪರೀಕ್ಷಿಸುವಾಗ ವೈದ್ಯರಾದ ನಮಗೆ ಈ ಚರಿತ್ರೆ ನೆನಪಾಗುತ್ತದೆ. ಗಾಳಿಯನ್ನು ಕಾಯುವ ಅಧಿಕಾರ ಯಾರದು?

ಸಂವಿಧಾನದ ಪ್ರಕಾರ ರಾಜ್ಯದ ಕಾನೂನಿಗಿಂತ ಕೇಂದ್ರದ ಕಾನೂನು ಮೇಲು. ರಾಜ್ಯಕ್ಕೊಂದು ನಿಯಮವಾದರೆ ವಾಹನೋದ್ಯಮ ನಡೆಯದೆಂದು 1967ರಲ್ಲಿ ಕಾಂಗ್ರೆಸ್ಸು ಹೊಸ ವಾಹನಗಳ ಹೊಗೆಯ ನಿಯಂತ್ರಣವನ್ನು ಕೇಂದ್ರಕ್ಕೆ ವಹಿಸಿತು. ಈ ಕಾರ್ಯವನ್ನು ಮೊದಲೇ ಕೈಗೊಂಡಿದ್ದ ಕ್ಯಾಲಿಫೋರ್ನಿಯಕ್ಕೆ ಮಾತ್ರ, ಕೇಂದ್ರದ ಒಪ್ಪಿಗೆ ಪಡೆದು ಹೆಚ್ಚು ಕಠಿಣ ನಿಯಮ ಮಾಡುವ ವಿನಾಯಿತಿ ದೊರೆಯಿತು. 1977ರಿಂದ ಇತರ ರಾಜ್ಯಗಳೂ ಆ ನಿಯಮಗಳನ್ನು ಅನುಸರಿಸಲು ಅವಕಾಶವಾಯಿತು.

2007ರಲ್ಲಿ ಮ್ಯಾಸಚೂಸೆಟ್ಸ್ ಮೊಕದ್ದಮೆಯ ತೀರ್ಪು ರಾಜ್ಯಗಳ ಮಿತಿಯನ್ನು ಮನಮುಟ್ಟುವಂತೆ ವಿವರಿಸಿತು. ಒಕ್ಕೂಟ ಸೇರಿದ ರಾಜ್ಯವು ಹೊಗೆ ನಿಲ್ಲಿಸಲೆಂದು ನೆರೆಯ ರೋಡ್ ಐಲೆಂಡಿನ ಮೇಲೆ ದಂಡೆತ್ತಿ ಹೋಗಲಾರದು. ಚೀನಾದೊಡನೆಯಾಗಲಿ ನಮ್ಮ ಭಾರತದೊಡನೆಯಾಗಲಿ ಒಪ್ಪಂದ ಮಾಡಿಕೊಳ್ಳಲಾರದು. ಆದುದರಿಂದಲೇ, ಏರುತ್ತಿರುವ ಕಡಲು ತನ್ನ ತೀರವನ್ನು ನುಂಗುತ್ತಿದೆಯೆಂಬ ಅದರ ಅಹವಾಲಿಗೆ ನ್ಯಾಯಾಲಯ ಕಿವಿಗೊಟ್ಟಿತು. ಹಸಿರುಮನೆ ಅನಿಲಗಳೂ ವಾಯುಮಾಲಿನ್ಯ ಕಾನೂನಿನ ವ್ಯಾಪ್ತಿಗೆ ಬರುತ್ತವೆಂದು 5-4ರ ಬಹುಮತದಿಂದ ತೀರ್ಪಿತ್ತಿತು.

ಹಾಗೆಂದು ಅಧ್ಯಕ್ಷರ ಆಡಳಿತಕ್ಕೆ ಮಿತಿಯಿಲ್ಲವೆಂದಲ್ಲ. ವಿದ್ಯುತ್ ಉತ್ಪಾದನೆಯನ್ನು ಕಲ್ಲಿದ್ದಲಿನಿಂದ ಅನ್ಯ ಮೂಲಗಳತ್ತ ತಿರುಗಿಸಲು 2015ರಲ್ಲಿ ರೂಪಿಸಿದ ಯೋಜನೆಗೆ ಮರುವರ್ಷವೇ ತಡೆಯಾಜ್ಞೆ ಬಂದಿತು. ಇಷ್ಟು ದೊಡ್ಡ ಬದಲಾವಣೆಗೆ ಕಾಂಗ್ರೆಸ್ಸಿನ ಸ್ಪಷ್ಟ ಸಮ್ಮತಿ ಬೇಕೆಂದು 2022ರಲ್ಲಿ ವೆಸ್ಟ್ ವರ್ಜೀನಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 6-3ರ ಬಹುಮತದಿಂದ ಹೇಳಿತು.

ಕ್ಯಾಲಿಫೋರ್ನಿಯದ ವಿನಾಯಿತಿಯ ಗತಿಯನ್ನೂ ನೋಡಿ. ಹಸಿರುಮನೆ ಅನಿಲಗಳ ವಿಷಯದಲ್ಲಿ 2008ರಲ್ಲಿ ನಿರಾಕರಣೆ, 2009ರಲ್ಲಿ ಒಪ್ಪಿಗೆ, 2019ರಲ್ಲಿ ಹಿಂತೆಗೆತ, 2022ರಲ್ಲಿ ಮರುಸ್ಥಾಪನೆ. 2025ರ ಜೂನ್‌ನಲ್ಲಿ, ಪೆಟ್ರೋಲ್ ಕಾರುಗಳ ಮಾರಾಟವನ್ನು 2035ರ ವೇಳೆಗೆ ನಿಲ್ಲಿಸುವ ನಿಯಮಕ್ಕೆ ದೊರೆತಿದ್ದ ಒಪ್ಪಿಗೆಯನ್ನು ಕಾಂಗ್ರೆಸ್ಸಿನ ನಿರ್ಣಯವೇ ರದ್ದುಗೊಳಿಸಿತು. ಅಧ್ಯಕ್ಷರು ಸಹಿ ಮಾಡಿದ ದಿನವೇ ಕ್ಯಾಲಿಫೋರ್ನಿಯ, ಇತರ ಕೆಲವು ರಾಜ್ಯಗಳೊಡನೆ, ನ್ಯಾಯಾಲಯದ ಮೊರೆಹೊಕ್ಕಿತು.

ವೈದ್ಯರು ಬದಲಾದಾಗಲೆಲ್ಲ ಔಷಧಿಯೂ ಬದಲಾದರೆ ದೀರ್ಘವ್ಯಾಧಿ ಹತೋಟಿಗೆ ಬಾರದು. ಒಬ್ಬರ ಆಜ್ಞೆಯನ್ನು ಮತ್ತೊಬ್ಬರು ಸುಲಭವಾಗಿ ಅಳಿಸಬಲ್ಲರು. ಶಾಸನವನ್ನು ಅಳಿಸುವುದು ಅಷ್ಟು ಸುಲಭವಲ್ಲ. ಮತದಾನದ ಹಕ್ಕುಳ್ಳ ನಮ್ಮ ಸಂಘದ ಕುಟುಂಬಗಳು ಅಧ್ಯಕ್ಷ ಪದವಿಯ ಚುನಾವಣೆಯಷ್ಟೇ ಆಸ್ಥೆಯಿಂದ ಕಾಂಗ್ರೆಸ್ಸಿನ ಚುನಾವಣೆಯನ್ನೂ ಕಾಣಲೆಂಬುದು ನಮ್ಮ ಆಶಯ.