ಮಾತು ಬಂತು, ಬಣ್ಣ ಹೋಯಿತು

1896ರ ಬೇಸಿಗೆಯಲ್ಲಿ ರಷ್ಯಾದ ನಿಜ್ನಿ ನೋವ್ಗೊರೊದ್ ಜಾತ್ರೆಯಲ್ಲಿ ಲ್ಯೂಮಿಯೇರ್ ಸೋದರರ ಚಲನಚಿತ್ರಗಳನ್ನು ಕಂಡ ಲೇಖಕ ಮ್ಯಾಕ್ಸಿಂ ಗಾರ್ಕಿಗೆ ಬೆರಗಿನ ಜೊತೆ ದಿಗಿಲೂ ಆಯಿತು. ಮರ, ಮುಖ, ಆಕಾಶ ಎಲ್ಲವೂ ಬೂದು ಬಣ್ಣ. ಗಾಡಿಗಳು ಓಡುತ್ತಿದ್ದರೂ ಚಕ್ರದ ಸದ್ದಿಲ್ಲ. ಪತ್ರಿಕೆಗೆ ಬರೆದ ಲೇಖನದಲ್ಲಿ ಆತ ದೂರಿದ್ದು ಇದನ್ನೇ.

ಈ ಎರಡೂ ಕೊರತೆಗಳನ್ನು ನೀಗಿಸುವ ಕೆಲಸ ಬೇಗನೆ ಶುರುವಾಯಿತು. ಹಳೆಯ ಚಿತ್ರವೆಂದರೆ ಕಪ್ಪು ಬಿಳುಪು, ಮೂಕಿಯೆಂದರೆ ನಿಶ್ಶಬ್ದ ಎಂಬುದು ನಂತರದವರ ತಪ್ಪು ತಿಳಿವಳಿಕೆ.

ಪ್ಯಾರಿಸ್ಸಿನಲ್ಲಿ ಎಲಿಜಬೆತ್ ಥುಯಿಲಿಯೇ ನಡೆಸುತ್ತಿದ್ದ ಕಾರ್ಯಾಗಾರದಲ್ಲಿ ಇನ್ನೂರರಷ್ಟು ಹೆಂಗಸರು ಫಿಲ್ಮಿಗೆ ಬಣ್ಣ ಹಚ್ಚುತ್ತಿದ್ದರು. ಒಬ್ಬೊಬ್ಬಳಿಗೆ ಒಂದೊಂದೇ ಬಣ್ಣ. ಚೌಕಟ್ಟು ಅಂಚೆಚೀಟಿಯಷ್ಟು ಚಿಕ್ಕದು. ಒಂದು ನಿಮಿಷದ ಚಿತ್ರಕ್ಕೆ ಅಂಥವು ಸುಮಾರು ಸಾವಿರ! ಫ್ರೆಂಚ್ ಚಿತ್ರ ನಿರ್ಮಾಪಕ ಮೆಲಿಯೇಸನ ಚಿತ್ರಗಳಿಗೆ ರಂಗೇರಿದ್ದು ಇಲ್ಲಿಯೇ. ಇಷ್ಟು ತಾಳ್ಮೆಯಾಗಲಿ ದುಡ್ಡಾಗಲಿ ಇಲ್ಲದವರು ಫಿಲ್ಮಿನ ತುಂಡನ್ನೇ ಬಣ್ಣದ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು. ರಾತ್ರಿಗೆ ನೀಲಿ, ದೀಪದ ಬೆಳಕಿಗೆ ಕಿತ್ತಳೆ, ಬೆಂಕಿಗೆ ಕೆಂಪು. ಮಟಮಟ ಮಧ್ಯಾಹ್ನ ತೆಗೆದ ದೃಶ್ಯ ನೀಲಿಯಲ್ಲಿ ಅದ್ದಿದರೆ ನಡುರಾತ್ರಿ.

ಸದ್ದಿನ ಹೊಣೆ ಚಿತ್ರಮಂದಿರದ್ದು. ಪಿಯಾನೋ ಇರಲಿ, ಪರದೆಯ ಪಕ್ಕದಲ್ಲಿ ಕುಳಿತವನು ತೆಂಗಿನ ಚಿಪ್ಪು ಕುಟ್ಟಿ ಕುದುರೆ ಓಡಿಸುತ್ತಿದ್ದ. ಇಂಗ್ಲೆಂಡಿನಲ್ಲಿ ಇದಕ್ಕೆಂದೇ ಆಲೆಫೆಕ್ಸ್ ಎಂಬ ಯಂತ್ರವೂ ಬಂತು. ಒಬ್ಬನೇ ಅದರ ಹಿಡಿ ತಿರುಗಿಸಿ, ಗುಂಡಿ ಒತ್ತಿ ಮಳೆ, ಗುಡುಗು, ರೈಲು, ಮಗುವಿನ ಅಳು ಎಲ್ಲವನ್ನೂ ಹೊರಡಿಸಬಹುದಿತ್ತು. ಕೈಗೆ ಸಿಕ್ಕ ಆಟಿಕೆಯನ್ನು ಯಾರು ಸುಮ್ಮನೆ ಬಿಡುತ್ತಾರೆ? ಸದ್ದು ವಿಪರೀತವಾಯಿತೆಂಬ ಗೊಣಗಾಟವೂ ಕೇಳಿಬಂತು.

1927ರಲ್ಲಿ ಮಾತು ಕೇಳಿಸುವ 'ದಿ ಜಾಝ್ ಸಿಂಗರ್' ಚಿತ್ರ ಬಂದ ಮೇಲೆ ಲೆಕ್ಕಾಚಾರ ತಲೆಕೆಳಗಾಯಿತು. ಧ್ವನಿಯನ್ನು ಫಿಲ್ಮಿನ ಅಂಚಿನಲ್ಲೇ ಸಣ್ಣ ಪಟ್ಟಿಯಾಗಿ ಮುದ್ರಿಸುವ ಪದ್ಧತಿ ಬೇರೂರಿತು. ಆ ಪಟ್ಟಿಯ ಮೂಲಕ ಹಾಯ್ದ ಬೆಳಕನ್ನು ದ್ಯುತಿಕೋಶವೊಂದು ಗ್ರಹಿಸಿದರೆ ಸದ್ದು. ಆದರೆ ಅದ್ದಿದ ಬಣ್ಣ ಅದೇ ಬೆಳಕನ್ನು ನುಂಗಿಹಾಕುತ್ತಿತ್ತು. ಮಾತು ಬೇಕೆಂದರೆ ಬಣ್ಣ ಬಿಡಬೇಕು! ಕೊಡಾಕ್ ಕಂಪನಿ 1929ರಲ್ಲಿ ಧ್ವನಿಗೆ ಅಡ್ಡಿಯಾಗದ 'ಸೋನೋಕ್ರೋಮ್' ಫಿಲ್ಮುಗಳನ್ನು ತಂದು, ಒಂದೊಂದು ಛಾಯೆಗೂ 'ಇನ್ಫರ್ನೋ', 'ನಾಕ್ಟರ್ನ್', 'ಕ್ಯಾಂಡಲ್‌ಫ್ಲೇಮ್' ಎಂದು ಚೆಂದದ ಹೆಸರಿಟ್ಟಿತು. ಹಳೆಯ ರೂಢಿ ಮಾತ್ರ ಮರಳಲಿಲ್ಲ.

ಮೈಕಿಗೆ ಬೇಕಾದ್ದು, ಬೇಡದ್ದು ಎಂಬ ಭೇದ ತಿಳಿಯದು. ಕ್ಯಾಮೆರಾದ ಗಿರಗಿರ ಕೇಳದಿರಲೆಂದು ಹಾಲಿವುಡ್ಡಿನಲ್ಲಿ ಅದನ್ನು ಛಾಯಾಗ್ರಾಹಕನ ಸಮೇತ ಗಾಳಿಯಾಡದ ಪೆಟ್ಟಿಗೆಯೊಳಗೆ ಕೂಡಿದರು. ಗುಂಯ್‌ಗುಡುವ ಆರ್ಕ್ ದೀಪಗಳ ಜಾಗಕ್ಕೆ ಮಾಮೂಲಿ ಬುರುಡೆ ದೀಪಗಳು ಬಂದವು. ಮುಂಬಯಿಯಲ್ಲಿ ನಿರ್ದೇಶಕ ಅರ್ದೇಶಿರ್ ಇರಾನಿಗೆ ಪಕ್ಕದ ರೈಲು ಹಳಿಯದೇ ಕಾಟ. 'ಆಲಂ ಆರಾ'ದ ಬಹುಪಾಲನ್ನು ಊರು ಮಲಗಿದ ಮೇಲೆ, ರೈಲುಗಳ ಓಡಾಟ ನಿಂತ ಹೊತ್ತಿನಲ್ಲಿ ಚಿತ್ರಿಸಬೇಕಾಯಿತು. 1931ರ ಮಾರ್ಚ್ 14ರಂದು ತೆರೆಕಂಡ ಅದು ಭಾರತದ ಮೊದಲ ವಾಕ್ಚಿತ್ರ.

ವಿಚಿತ್ರವೆಂದರೆ, ಇಷ್ಟು ಕಷ್ಟಪಟ್ಟು ಹೊರಗಟ್ಟಿದ ದಿನನಿತ್ಯದ ಸದ್ದನ್ನು ಮತ್ತೆ ಕೈಯಾರೆ ತಯಾರಿಸಬೇಕಾಗಿ ಬಂತು. ಹೆಜ್ಜೆ ಸಪ್ಪಳ, ಬಟ್ಟೆಯ ಸರಸರ ಇಲ್ಲದೆ ತೆರೆಯ ಮೇಲಿನ ಮನುಷ್ಯ ಮನುಷ್ಯನಂತೆ ಕಾಣಲಿಲ್ಲ. ಯೂನಿವರ್ಸಲ್ ಸ್ಟುಡಿಯೋದ ಜ್ಯಾಕ್ ಫೋಲಿ ಚಿತ್ರ ನೋಡುತ್ತಲೇ ನಟರ ನಡಿಗೆಗೆ ತಾನೇ ಹೆಜ್ಜೆ ಹಾಕಿ ಸದ್ದು ಕೂಡಿಸಿದ. ಆ ಕಸುಬಿಗೆ ಇಂದಿಗೂ ಅವನದೇ ಹೆಸರು.

ಕನ್ನಡಕ್ಕೂ ಮಾತು ಮೊದಲು ಬಂತು, ಬಣ್ಣ ತಡವಾಯಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಕೊಲ್ಹಾಪುರದಲ್ಲಿ ತಯಾರಾಗಿ 1934ರಲ್ಲಿ ಬಂತು. ಇರಾನಿಯವರೇ 1937ರಲ್ಲಿ 'ಕಿಸಾನ್ ಕನ್ಯಾ'ವನ್ನು ಬಣ್ಣದಲ್ಲಿ ತಂದರೂ, ಕನ್ನಡಕ್ಕೆ ಪೂರ್ತಿ ವರ್ಣಚಿತ್ರ ಸಿಕ್ಕಿದ್ದು 1964ರಲ್ಲಿ, ಬಿ. ಎಸ್. ರಂಗಾ ಅವರ 'ಅಮರಶಿಲ್ಪಿ ಜಕಣಾಚಾರಿ'ಯಿಂದ.