ಲಿಲಿ ವಿಷಬಾಧೆ (ಬೆಕ್ಕುಗಳಲ್ಲಿ)

ಲಿಲಿಯಂ ಮತ್ತು ಹೆಮರೊಕ್ಯಾಲಿಸ್ ಕುಲದ ಗಿಡಗಳಿಂದ ಬೆಕ್ಕುಗಳಿಗೆ ಆಗುವ ಮಾರಕ ಮೂತ್ರಪಿಂಡ ಹಾನಿ. ಎಲೆ, ಹೂವು, ಗೆಡ್ಡೆ ಎಲ್ಲವೂ ವಿಷವೇ. ಮೈಗಂಟಿದ ಪರಾಗ ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಅಪಾಯ. ಮೊದಲು ವಾಂತಿ, ಜೊಲ್ಲು, ಮಂಕು. ಆಮೇಲೆ ವಾಂತಿ ನಿಂತು ಬೆಕ್ಕು ಚೇತರಿಸಿಕೊಂಡಂತೆ ತೋರುವುದುಂಟು. ಮನೆಯವರು ಮೋಸಹೋಗುವುದು ಇಲ್ಲೇ. 1ರಿಂದ 3 ದಿನಗಳಲ್ಲಿ ಮೂತ್ರಪಿಂಡ ಕೈಕೊಡುತ್ತದೆ. ಪ್ರತಿವಿಷವಿಲ್ಲ. ತಿಂದ 18 ಗಂಟೆಯೊಳಗೆ ಪಶುವೈದ್ಯರು ಡ್ರಿಪ್ ಹಾಕಿದರೆ ಬದುಕುವ ಸಾಧ್ಯತೆ ಹೆಚ್ಚು. ಹೂವನ್ನು ಎತ್ತರದಲ್ಲಿಟ್ಟು ಪ್ರಯೋಜನವಿಲ್ಲ, ಬೆಕ್ಕು ಹತ್ತದ ಕಪಾಟು ಅಪರೂಪ; ಮನೆಗೆ ತಾರದಿರುವುದೇ ಸರಿ. ಪೀಸ್ ಲಿಲಿ ನಿಜವಾದ ಲಿಲಿಯಲ್ಲ. ಅದರ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಮುಖ್ಯವಾಗಿ ಬಾಯಿ, ಗಂಟಲನ್ನು ಉರಿಸುತ್ತವೆ. ಕರ್ನಾಟಕದ ಹಿತ್ತಿಲುಗಳಲ್ಲಿ ಕಾಣುವ, ಕಾಲ್ಚಿಸಿನ್ ಎಂಬ ವಿಷವಿರುವ ಗೌರಿ ಹೂವು, ಹೃದಯಕ್ಕೆ ಪೆಟ್ಟು ಕೊಡುವ ಕಣಗಿಲೆಗಳೂ ಬೆಕ್ಕಿಗೆ ವಿಷ.